ಒಂದೇ ಬಾಗಿಲು ಮುನಿಸಿಕೊಂಡರೆ

ಹಳೇ ಮಾರುತಿ 800ಕ್ಕೆ ಸೆಂಟ್ರಲ್ ಲಾಕ್ ಕಿಟ್ ಹಾಕಿಸಿದ್ದೀರಿ. ಮೂರು ಬಾಗಿಲು ಟಕ್ಕೆಂದು ಲಾಕ್ ಆಗುತ್ತವೆ, ನಾಲ್ಕನೆಯದಕ್ಕೆ ಮಾತ್ರ ಮುನಿಸು. ಕಿಟ್ಟನ್ನು ಬೈಯುವ ಮೊದಲು ಆ ಬಾಗಿಲಿನ ಹಿಂಜ್ ಪಕ್ಕದ ರಬ್ಬರ್ ಕೊಳವೆ ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚಿ ಮಾಡಿ ವೈರಿನೊಳಗಿನ ತಾಮ್ರ ಅಲ್ಲೇ ತುಂಡಾಗುವುದು ಹೆಚ್ಚು. ಮೇಲಿನ ಪ್ಲಾಸ್ಟಿಕ್ ಮಾತ್ರ ಏನೂ ಅರಿಯದ ಮಗುವಿನಂತಿರುತ್ತದೆ. ಮೆಲ್ಲಗೆ ಎಳೆದಾಗ ವೈರು ಹಿಗ್ಗಿತೋ, ಕಳ್ಳ ಸಿಕ್ಕ.

ಅಲ್ಲೇನೂ ಇಲ್ಲವೇ? ಬಾಗಿಲ ಮೋಟಾರಿನ ಎರಡು ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಸ್ವಿಚ್ ಒತ್ತಿಸಿ. ಕರೆಂಟು ಬರುವುದು ಅರೆಗಳಿಗೆ ಮಾತ್ರ, ಡಿಜಿಟಲ್ ಮೀಟರಿಗೆ ಅಷ್ಟು ಪುರುಸೊತ್ತು ಸಾಲದು. ಬಲ್ಬು ಮಿಂಚಿಯೂ ಲಾಕ್ ಕದಲದಿದ್ದರೆ ಮೋಟಾರು ಹೋಗಿದೆ, ಇಲ್ಲವೇ ಅದರಿಂದ ಲಾಕಿಗೆ ಹೋಗುವ ಕಂಬಿ ಸಿಕ್ಕಿಕೊಂಡಿದೆ. ಉಳಿದವು ಲಾಕ್ ಆಗುವಾಗ ಇದೊಂದು ತೆರೆದುಕೊಂಡರೆ ಆ ಎರಡು ವೈರು ಅದಲುಬದಲಾಗಿವೆ, ಅಷ್ಟೇ.

ನಾಲ್ಕೂ ಸುಸ್ತಾಗಿದ್ದರೆ ಅರ್ಥ್ ನೋಡಿ. ಪೇಂಟಿನ ಮೇಲೇ ಸ್ಕ್ರೂ ಬಿಗಿದಿರುತ್ತಾರೆ ಪುಣ್ಯಾತ್ಮರು! ಕೆರೆದು ಬಿಗಿಯಿರಿ. 15 ಆಂಪಿಯರ್ ಫ್ಯೂಸ್ ಪದೇಪದೇ ಹೋಗುತ್ತದೆಂದು 30ರದ್ದು ಹಾಕಬೇಡಿ; ಆಗ ಫ್ಯೂಸಿನ ಬದಲು ವೈರೇ ಸುಡುತ್ತದೆ.