ಮಲೆ ಹತ್ತುವ ಮುನ್ನ ಕಾಲಿನ ಬಿಗಿ ಬಿಡಿಸಿಕೊಳ್ಳೋಣ

 

ಕಳೆದ ವರ್ಷ ನಾನು ಕನ್ನಿಸ್ವಾಮಿ. ಪಂಪೆಯಿಂದ ಸನ್ನಿಧಾನಕ್ಕೆ ಸುಮಾರು 5 ಕಿಲೋಮೀಟರ್ ತಾನೆ, ಈ ವಯಸ್ಸಿಗೆ ಅದೇನು ಮಹಾ ಅಂದುಕೊಂಡಿದ್ದೆ. ನೀಲಿಮಲೆಯ ಏರಿನಲ್ಲೇ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ತಲೆ ಮೇಲೆ ಇರುಮುಡಿ, ಬಗ್ಗಿ ಕಾಲು ಹಿಡಿಯುವಂತೆಯೂ ಇಲ್ಲ. ಗುರುಸ್ವಾಮಿಗಳು ಪಕ್ಕದಲ್ಲಿ ಕೂರಿಸಿ, ನನ್ನ ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ನನ್ನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದರು. ಸ್ವಲ್ಪ ಹೊತ್ತಿಗೆ ಬಿಟ್ಟಿತು. ಅರವತ್ತು ದಾಟಿದ ಅವರು ನನಗೋಸ್ಕರ ನಿಂತು ನಿಂತು ಬಂದರು. ಆ ನಾಚಿಕೆ ಇನ್ನೂ ಹೋಗಿಲ್ಲ.

ನನ್ನದು ಪುಣೆಯಲ್ಲಿ ಐಟಿ ಸಪೋರ್ಟ್ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಮಂಡಿ ಮಡಚಿಯೇ ಇರುವುದರಿಂದ ತೊಡೆಯ ಹಿಂಭಾಗ ಬಿಗಿಯಾಗುತ್ತದೆ. ಜೊತೆಗೆ ಶೂ ಹಾಕಿದಾಗ ಹಿಮ್ಮಡಿ ಒಂದಿಷ್ಟು ಎತ್ತರದಲ್ಲೇ ಇರುತ್ತದೆ. ಬರಿಗಾಲಲ್ಲಿ ಏರು ಹತ್ತುವಾಗ ಹಿಮ್ಮಡಿ ಕೆಳಗಿಳಿಯಬೇಕು, ಮೀನಖಂಡ ಅಷ್ಟು ಎಳೆದುಕೊಳ್ಳಬೇಕು. ಅಭ್ಯಾಸವಿಲ್ಲದ ಕಾಲು ಅಲ್ಲೇ ಮುಷ್ಕರ ಹೂಡುತ್ತದೆ.

ಮಂಡಲದ 41 ದಿನ ಇದಕ್ಕೆ ಒಳ್ಳೆಯ ಅವಧಿ. ಎದ್ದ ತಕ್ಷಣ ಎಳೆಯಬೇಡಿ. ಐದು ನಿಮಿಷ ನಡೆದು ಮೈ ಬೆಚ್ಚಗಾಗಲಿ. ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ. 20ರಿಂದ 30 ಸೆಕೆಂಡ್ ಹಾಗೇ ನಿಲ್ಲಿ. ಆಮೇಲೆ ಅದೇ ಹಿಂದಿನ ಮಂಡಿಯನ್ನು ಸ್ವಲ್ಪ ಮಡಚಿ ಮತ್ತೆ ಅಷ್ಟೇ ಹೊತ್ತು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೀನಖಂಡದಲ್ಲಿ ಎರಡು ಸ್ನಾಯು ಇವೆ. ಮಂಡಿ ನೇರವಿದ್ದರೆ ಮೇಲಿನದು ಎಳೆಯುತ್ತದೆ, ಮಡಚಿದರೆ ಮಾತ್ರ ಒಳಗಿನದಕ್ಕೆ ಸರಿಯಾಗಿ ತಾಗುತ್ತದೆ. ತೊಡೆಯ ಹಿಂಭಾಗಕ್ಕೆ ಹಿಮ್ಮಡಿಯನ್ನು ಗಿಡ್ಡ ಮಣೆಯ ಮೇಲಿಟ್ಟು, ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿದರೆ ಸಾಕು. ಮುಂಭಾಗಕ್ಕೆ, ಗೋಡೆ ಹಿಡಿದು ನಿಂತು ಪಾದವನ್ನು ಹಿಂದಕ್ಕೆ ಎಳೆದು ಹಿಡಿಯಿರಿ. ಪ್ರತಿ ಕಾಲಿಗೂ ಎರಡು ಮೂರು ಸಲ. ಜಗ್ಗಿ ಜಗ್ಗಿ ಎಳೆಯಬಾರದು, ಉಸಿರು ಕಟ್ಟಬಾರದು. ಎಳೆತ ಗೊತ್ತಾಗಬೇಕು, ಚುಚ್ಚುವ ನೋವು ಬಂದರೆ ನಿಲ್ಲಿಸಿ. ಮಂಡಿ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಇಷ್ಟರಿಂದಲೇ ಕಾಲು ನೋಯುವುದಿಲ್ಲ ಎಂದು ನಾನು ಹೇಳಲಾರೆ. ಇಳಿಯುವಾಗ ತೊಡೆಯೇ ಮೈಭಾರ ತಡೆದು ತಡೆದು ಇಳಿಸಬೇಕು, ಅದಕ್ಕೆ ಮೆಟ್ಟಿಲು ಹತ್ತಿ ಇಳಿಯುವ ರೂಢಿಯೂ ಬೇಕು. ನಾನೀಗ ಆಫೀಸಿನಲ್ಲಿ ಲಿಫ್ಟ್ ಬಿಟ್ಟಿದ್ದೇನೆ. (ಸರ್ವರ್ ಡೌನ್ ಆದ ದಿನ ಮಾತ್ರ ವಿನಾಯಿತಿ!)

ಈ ಸಲ ದಾವಣಗೆರೆಯಲ್ಲಿ ಅಪ್ಪನೂ ಮೊದಲ ಬಾರಿಗೆ ಮಾಲೆ ಹಾಕಿದ್ದಾರೆ. ಮಾಲೆ ಹಾಕಿದ ಮೇಲೆ ಅವರೂ ಸ್ವಾಮಿ, ನಾನೂ ಸ್ವಾಮಿ; ಆದರೂ ಬಾಯಿಗೆ ಅಪ್ಪಾ ಅಂತಲೇ ಬರುತ್ತದೆ. ದಿನಾ ಬೆಳಿಗ್ಗೆ ಶರಣು ಕೂಗಿದ ಮೇಲೆ ವೀಡಿಯೊ ಕಾಲ್‌ನಲ್ಲಿ ಇಬ್ಬರೂ ಗೋಡೆ ಹಿಡಿದು ನಿಲ್ಲುತ್ತೇವೆ. ಮೊದಲ ದಿನ ಬಾಗಿದಾಗ ಅವರ ಕೈ ಮಂಡಿ ದಾಟಲಿಲ್ಲ. ನಿನ್ನೆ ಕಣಕಾಲು ಮುಟ್ಟಿತು. "ನೋಡು ಸ್ವಾಮಿ, ನೀಲಿಮಲೆಯಲ್ಲಿ ನಿನಗಾಗಿ ನಾನು ಕಾಯಬೇಕಾಗುತ್ತೆ" ಎಂದು ನಕ್ಕರು.

ಸ್ವಾಮಿಯೇ ಶರಣಮಯ್ಯಪ್ಪ.