ಹೂಡಿಕೆಗಳ ವರ್ಗ ಬದಲಾವಣೆ: ಲೆಕ್ಕಪತ್ರ ಮಾನಕ 13 ಏನು ಹೇಳುತ್ತದೆ?

ವ್ಯಾಪಾರದಲ್ಲಿ ಉಳಿದ ಹಣವನ್ನು ಷೇರು, ಡಿಬೆಂಚರು, ಮ್ಯೂಚುವಲ್ ಫಂಡುಗಳಲ್ಲಿ ತೊಡಗಿಸುವ ಪರಿಪಾಠ ಸಣ್ಣ ಕಂಪನಿಗಳಲ್ಲಿಯೂ ಇದೆ. ಪೇಟೆ ಕುಸಿದ ವರ್ಷದಲ್ಲಿ ಲೆಕ್ಕಪರಿಶೋಧಕರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಈ ಷೇರುಗಳನ್ನು ದೀರ್ಘಾವಧಿ ಎಂದು ತೋರಿಸಿದರೆ ನಷ್ಟ ಬರೆಯಬೇಕಾಗಿಲ್ಲವಲ್ಲ?" ಬ್ಯಾಂಕಿನ ಸಾಲಮಿತಿಯ ನವೀಕರಣ ಸಮೀಪಿಸಿದ್ದರಂತೂ ಈ ಒತ್ತಾಯ ಇನ್ನೂ ಹೆಚ್ಚು.

ಸುಲಭವಾಗಿ ನಗದಾಗಿಸಬಹುದಾದ, ಕೊಂಡ ದಿನದಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವ ಉದ್ದೇಶವಿಲ್ಲದ ಹೂಡಿಕೆಯೇ ಚಾಲ್ತಿ ಹೂಡಿಕೆ. ಉಳಿದುದೆಲ್ಲ ದೀರ್ಘಾವಧಿಯದು. ಚಾಲ್ತಿ ಹೂಡಿಕೆಯನ್ನು ಖರೀದಿ ವೆಚ್ಚ ಮತ್ತು ನ್ಯಾಯಯುತ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಅಢಾವೆ ಪತ್ರಿಕೆಯಲ್ಲಿ ತೋರಿಸತಕ್ಕದ್ದು. ದೀರ್ಘಾವಧಿ ಹೂಡಿಕೆ ಖರೀದಿ ವೆಚ್ಚದಲ್ಲಿಯೇ ಉಳಿಯುತ್ತದೆ. ಮೌಲ್ಯದ ಇಳಿಕೆ ತಾತ್ಕಾಲಿಕವಲ್ಲವೆಂದು ಕಂಡುಬಂದರೆ ಮಾತ್ರ ಅದಕ್ಕೆ ಅವಕಾಶ ಕಲ್ಪಿಸಬೇಕು. ವರ್ಗ ಬದಲಿಸುವ ಆಸೆ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಯಂತ್ರದ ಬಿಡಿಭಾಗ ತಯಾರಿಸುವ ಖಾಸಗಿ ಕಂಪನಿಯೊಂದು ಜುಲೈ ತಿಂಗಳಲ್ಲಿ ದಲ್ಲಾಳಿಯೂ ಸೇರಿ ರೂ. 6,00,000ಕ್ಕೆ ಷೇರು ಕೊಂಡು ಚಾಲ್ತಿ ವರ್ಗದಲ್ಲಿಟ್ಟಿತೆಂದು ಭಾವಿಸಬಹುದು. ಫೆಬ್ರವರಿ 15ರಂದು ಬೆಲೆ ರೂ. 4,80,000ಕ್ಕೆ ಇಳಿದಾಗ ನಿರ್ದೇಶಕ ಮಂಡಳಿಯು ಅವನ್ನು ದೀರ್ಘಾವಧಿಗೆ ವರ್ಗಾಯಿಸಿತು. ವರ್ಗಾವಣೆಯ ದಿನದಂದು ಖರೀದಿ ವೆಚ್ಚ ಮತ್ತು ನ್ಯಾಯಯುತ ಮೌಲ್ಯಗಳಲ್ಲಿ ಕಡಿಮೆಯಾದ ಮೊತ್ತವನ್ನೇ ಹಿಡಿಯಬೇಕೆಂಬುದು ಮಾನಕದ ನಿಯಮ. ಆದ್ದರಿಂದ ರೂ. 1,20,000 ನಷ್ಟವು ಅಂದೇ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಮಾರ್ಚ್ 31ರಂದು ಬೆಲೆ ರೂ. 4,50,000 ಆಗಿದ್ದರೆ, ಆ ಇಳಿಕೆ ತಾತ್ಕಾಲಿಕವೆಂದು ತೋರಿಸಬಲ್ಲ ಪಕ್ಷದಲ್ಲಿ, ಬರೆಯದೆ ಉಳಿಯುವುದು ರೂ. 30,000 ಮಾತ್ರ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕುಳಿತು ಹಿಂದಿನ ದಿನಾಂಕದ ಠರಾವು ಬರೆಯುವುದು ಲೆಕ್ಕಶಾಸ್ತ್ರವಲ್ಲ, ದಾಖಲೆ ತಿದ್ದುವಿಕೆ.

ಚಾಲ್ತಿ ಅನುಪಾತ ಚೆನ್ನಾಗಿ ಕಾಣಲೆಂದು ದೀರ್ಘಾವಧಿ ಹೂಡಿಕೆಯನ್ನು ಚಾಲ್ತಿಗೆ ತರುವ ವಿರುದ್ಧ ದಿಕ್ಕಿನ ಯತ್ನವೂ ಉಂಟು. ಆಗ ಹಿಡಿಯಬೇಕಾದುದು ಖರೀದಿ ವೆಚ್ಚ ಮತ್ತು ಅಂದಿನ ಪುಸ್ತಕ ಮೌಲ್ಯಗಳಲ್ಲಿ ಕಡಿಮೆಯಾದುದು. ರೂ. 2,00,000ಕ್ಕೆ ಕೊಂಡು, ಅವಕಾಶ ಕಲ್ಪಿಸಿ ರೂ. 1,50,000ಕ್ಕೆ ಇಳಿಸಿದ್ದ ಷೇರು ರೂ. 1,50,000ಕ್ಕೇ ವರ್ಗವಾಗುತ್ತದೆ, ಅಂದಿನ ಪೇಟೆ ಬೆಲೆ ರೂ. 1,80,000 ಇದ್ದರೂ ಅಷ್ಟೇ.

ಇಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. 2013ರ ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿ ಹನ್ನೆರಡು ತಿಂಗಳನ್ನು ಎಣಿಸುವುದು ಅಢಾವೆ ಪತ್ರಿಕೆಯ ದಿನಾಂಕದಿಂದ. ಮಾನಕ 13 ಎಣಿಸುವುದು ಹೂಡಿಕೆಯ ದಿನದಿಂದ. ಐದು ವರ್ಷದ ಡಿಬೆಂಚರಿನ ಅವಧಿ ಮುಂದಿನ ವರ್ಷ ಮುಗಿಯುವುದಾದರೆ, ಅದನ್ನು ದೀರ್ಘಾವಧಿ ಹೂಡಿಕೆಯ ಚಾಲ್ತಿ ಭಾಗವೆಂದು ತೋರಿಸಬೇಕು. ಆದರೆ ಮೌಲ್ಯಮಾಪನ ದೀರ್ಘಾವಧಿಯ ನಿಯಮದಂತೆಯೇ ನಡೆಯುತ್ತದೆ. ಸ್ಥಾನ ಬದಲಾದ ಮಾತ್ರಕ್ಕೆ ವರ್ಗ ಬದಲಾಗದು.

ಇಳಿಕೆ ತಾತ್ಕಾಲಿಕವೇ ಎಂಬುದನ್ನು ಪ್ರತಿ ಹೂಡಿಕೆಗೂ ಬೇರೆಯಾಗಿ ನಿರ್ಣಯಿಸಬೇಕು. ಪೇಟೆ ಬೆಲೆಯ ಜೊತೆಗೆ, ಷೇರು ನೀಡಿದ ಕಂಪನಿಯ ಆಸ್ತಿ, ವ್ಯವಹಾರದ ಫಲಿತಾಂಶ, ಮುಂದೆ ಬರಬಹುದಾದ ಹಣ ಇವು ಆಧಾರ. ಮೂರು ವರ್ಷದಿಂದ ನಷ್ಟದಲ್ಲಿದ್ದು ಉತ್ಪಾದನೆಯನ್ನೇ ನಿಲ್ಲಿಸಿದ ಕಂಪನಿಯ ಷೇರಿನ ಬಗ್ಗೆ "ಬೆಲೆ ಮತ್ತೆ ಏರುತ್ತದೆ" ಎಂಬ ನಿರ್ದೇಶಕರ ಮಾತು ಸಾಕಾಗದು. ಹೀಗೆ ಬರೆದ ನಷ್ಟದಿಂದ ಆದಾಯ ತೆರಿಗೆ ಉಳಿಯುವುದೆಂದೂ ಎಣಿಸಬಾರದು. ಬಂಡವಾಳ ನಷ್ಟ ಲೆಕ್ಕಕ್ಕೆ ಬರುವುದು ಷೇರು ಮಾರಿದಾಗ.

ನಿವ್ವಳ ಸಂಪತ್ತು ರೂ. 250 ಕೋಟಿ ಅಥವಾ ಅದಕ್ಕಿಂತ ಹೆಚ್ಚಿದ್ದು ಇಂಡ್ ಎಎಸ್ ಅನ್ವಯಿಸುವ ಕಂಪನಿಗಳಿಗೆ ಮೇಲಿನ ನಿಯಮಗಳಿಲ್ಲ. ಅವುಗಳಿಗೆ ಇಂಡ್ ಎಎಸ್ 109 ಇದ್ದು, ಅದರಲ್ಲಿ ಈಕ್ವಿಟಿ ಷೇರುಗಳ ವರ್ಗ ಬದಲಾವಣೆಗೆ ಅವಕಾಶವೇ ಇಲ್ಲ.