ಮೊದಲು ಕೂಡೋಣ, ಆಮೇಲೆ ಭಾಗಿಸೋಣ

ಎಮರಿವಿಲ್‌ನಲ್ಲಿರುವ ನಾವು ಊರಿನ ಒಂದು ಲೆಕ್ಕ ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಹಳ್ಳಿಗಳಲ್ಲಿ ಶೇ. 68.73, ಪಟ್ಟಣಗಳಲ್ಲಿ ಶೇ. 85.78. ಎರಡನ್ನೂ ಕೂಡಿ ಅರ್ಧ ಮಾಡಿದರೆ ಸುಮಾರು 77.26. ಆದರೆ ರಾಜ್ಯದ ನಿಜವಾದ ಅಂಕಿ 75.36! ಏಕೆಂದರೆ ನೂರರಲ್ಲಿ ಸುಮಾರು 61 ಮಂದಿ ಹಳ್ಳಿಯವರು.

ಜಾವಾ ಭಾಷೆಗೆ 2014ರಲ್ಲಿ ಸೇರಿದ ‘ಸ್ಟ್ರೀಮ್’ನಲ್ಲಿ ದಾಖಲೆಗಳು ಒಂದೊಂದಾಗಿ ಹರಿದು ಬರುತ್ತವೆ. ‘ಫಿಲ್ಟರ್’ನಿಂದ ಏಳು ವರ್ಷ ತುಂಬಿದವರನ್ನು ಮಾತ್ರ ಉಳಿಸಿಕೊಳ್ಳೋಣ, ಸಾಕ್ಷರತೆಯ ಲೆಕ್ಕ ಅವರದ್ದೇ. ‘ಗ್ರೂಪಿಂಗ್‌ಬೈ’ಯಿಂದ ಹಳ್ಳಿ, ಪಟ್ಟಣ ಎಂದು ಗುಂಪು ಮಾಡೋಣ. ಗುಂಪಿನ ಸಾಕ್ಷರರನ್ನು ಆ ಗುಂಪಿನ ಒಟ್ಟು ಜನರಿಂದ ಭಾಗಿಸಿ 100ರಿಂದ ಗುಣಿಸಿದರೆ ಅದರ ಶೇಕಡಾವಾರು. ಇಡೀ ರಾಜ್ಯಕ್ಕಾದರೆ ಎರಡೂ ಗುಂಪಿನ ಎಣಿಕೆಗಳನ್ನು ಮೊದಲು ಕೂಡಿ, ಕೊನೆಗೆ ಒಮ್ಮೆ ಭಾಗಿಸೋಣ.

ಸರಾಸರಿಯ ಆತುರದಲ್ಲಿ ಓದು ಬಾರದ ಹಳ್ಳಿಗರು ಲೆಕ್ಕದಿಂದಲೇ ಮರೆಯಾಗಬಾರದು.